ಫೋನು ಯಾರ ಕೈಯಲ್ಲಿದೆ?

ಗಂಡನ ಹೊಡೆತ ತಾಳಲಾರದೆ ಸಾಂತ್ವನ ಕೇಂದ್ರಕ್ಕೆ ಬಂದು ಹೋದ ಹೆಂಗಸಿಗೆ ಅಲ್ಲಿಯ ಕಾರ್ಯಕರ್ತೆ ಸಂಜೆ ಒಂದು ವಾಟ್ಸಾಪ್ ಸಂದೇಶ ಕಳಿಸುತ್ತಾರೆ: ‘ಅಕ್ಕಾ, ಗುರುವಾರ ವಕೀಲರು ಬರ್ತಾರೆ, ತಪ್ಪದೆ ಬನ್ನಿ.’ ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದು. ಆದರೆ ಆ ಹೊತ್ತಿಗೆ ಫೋನು ಗಂಡನ ಜೇಬಿನಲ್ಲಿದೆ. ಅವಳು ಬರೆಸಿ ಹೋದದ್ದು ಮನೆಗೆಲ್ಲ ಇರುವ ಒಂದೇ ನಂಬರು. ಗುರುವಾರ ಅವಳು ಬರುವುದಿಲ್ಲ.

ಊಹಿಸಿ ಬರೆದ ಸಂದರ್ಭ ಇದು. ಆದರೆ ಊರೂರು ಓಡಾಡುವ ಕೆಲಸದವರಿಗೆ ಊಹೆ ಅನ್ನಿಸಲಿಕ್ಕಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತಾವೇ ಬಳಸುವ ಮೊಬೈಲು ತಮ್ಮಲ್ಲಿದೆ ಎಂದ ಹೆಂಗಸರು ದೇಶದಲ್ಲಿ ಶೇ. 54. ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದೇವೆ ಎಂದವರು ಹೆಂಗಸರಲ್ಲಿ ಶೇ. 33, ಗಂಡಸರಲ್ಲಿ ಶೇ. 57. ಆ ಮೇಲೆ ಫೋನುಗಳು ಹೆಚ್ಚಿವೆ, ನಿಜ. ಆದರೂ ಹಳ್ಳಿಯ ಮನೆಯಲ್ಲಿ ಫೋನು ಈಗಲೂ ಬಚ್ಚಲ ಹಂಡೆಯ ಹಾಗೆ, ಎಲ್ಲರದೂ. ಗುಟ್ಟು ಮಾತ್ರ ಒಬ್ಬರದು.

ಡಿಜಿಟಲ್ ಸಾಕ್ಷರತೆಯ ತರಬೇತಿ ಎಂದರೆ ಆ್ಯಪ್ ತೆರೆಯುವುದು, ಅರ್ಜಿ ತುಂಬುವುದು, ಪಾಸ್‌ವರ್ಡ್ ಗಟ್ಟಿಯಾಗಿ ಇಡುವುದು ಎಂದೇ ನಡೆದುಬಂದಿದೆ. ಸಮಾಜಕಾರ್ಯದವರಿಗೆ ಅದು ಎರಡನೆಯ ಪಾಠ. ಮೊದಲ ಭೇಟಿಯಲ್ಲೇ ಕೇಳಬೇಕಾದದ್ದು ಬೇರೆ: ಈ ಫೋನು ಯಾರ ಹತ್ರ ಇರುತ್ತಮ್ಮ? ಯಾವ ಹೊತ್ತಿಗೆ ಮಾಡಬಹುದು? ಬೇರೆಯವರು ಎತ್ತಿದರೆ ನಾನು ಯಾರು ಅಂತ ಹೇಳಲಿ? ಕೊನೆಯ ಪ್ರಶ್ನೆಗೆ ಹೆಂಗಸರು ಥಟ್ಟನೆ ಉತ್ತರ ಕೊಡುತ್ತಾರೆ. ಸಂಘದ ಕಂತಿನವರು ಅನ್ನಿ, ಅಂಗನವಾಡಿಯವರು ಅನ್ನಿ. ಇಂಥ ಉಪಾಯಗಳಲ್ಲಿ ಅವರಿಗೆ ಪಾಠ ಹೇಳಬೇಕಾಗಿಲ್ಲ.

ಕೈಯಲ್ಲಿ ಅವಳದೇ ಫೋನು ಇದ್ದರೂ ಕಣ್ಣು ಇನ್ನೊಬ್ಬರದಿರಬಹುದು. ವಾಟ್ಸಾಪಿನಲ್ಲಿ ‘ಲಿಂಕ್ಡ್ ಡಿವೈಸಸ್’ ಎಂಬ ಜಾಗವಿದೆ. ಒಂದು ಖಾತೆಯನ್ನು ಇನ್ನೂ ನಾಲ್ಕು ಕಡೆ ತೆರೆದಿಡಬಹುದು. ಹೆಂಡತಿ ನೀರು ತರಲು ಹೋದ ಎರಡು ನಿಮಿಷದಲ್ಲಿ ಅವಳ ಖಾತೆಯನ್ನು ತನ್ನ ಫೋನಿಗೆ ಜೋಡಿಸಿಕೊಂಡ ಗಂಡ ಆಮೇಲೆ ದೂರದಲ್ಲೇ ಕೂತು ಎಲ್ಲ ಓದುತ್ತಿರುತ್ತಾನೆ. ಫೋನು ತೆಗೆಸಿಕೊಟ್ಟವನು ಅವನೇ ಆದರೆ ಗೂಗಲ್ ಖಾತೆಯೂ ಅವನದೇ ಇರುತ್ತದೆ, ಅವಳು ಎಲ್ಲಿದ್ದಾಳೆಂಬುದೂ ಅದರಲ್ಲಿ ಕಾಣುತ್ತದೆ. ಇದು ಗೊತ್ತಾದ ಕೂಡಲೇ ‘ಕೊಡಿ, ತೆಗೆದುಹಾಕ್ತೀನಿ’ ಎಂದು ಕೈಹಾಕುವವರಿದ್ದಾರೆ. ದಯವಿಟ್ಟು ಬೇಡ. ಕಣ್ಣು ಮುಚ್ಚಿದ ತಕ್ಷಣ ಅವನಿಗೆ ತಿಳಿಯುತ್ತದೆ. ಆ ರಾತ್ರಿ ಅವಳು ಅದೇ ಮನೆಯಲ್ಲಿ ಮಲಗಬೇಕು. ಮೊದಲು ಅವಳಿಗೊಂದು ದಾರಿ, ಉಳಿಯಲೊಂದು ಜಾಗ ಗೊತ್ತಾಗಬೇಕು. ಅಲ್ಲಿಯವರೆಗೆ ಆ ಫೋನಿನಲ್ಲಿ ಮಾತು ಕಡಿಮೆ ಇರಲಿ. ನೆರೆಮನೆಯ ಫೋನಿನಿಂದ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು, ನೇರ ಭೇಟಿಯಾಗಬಹುದು. ಎಲ್ಲಕ್ಕಿಂತ ಸುರಕ್ಷಿತ ತಂತ್ರಜ್ಞಾನ ಕೆಲವೊಮ್ಮೆ ಸಿಟಿ ಬಸ್ಸು.

ಇನ್ನು ಫೋಟೊ. ನಮ್ಮ ಇಲಾಖೆ, ಸಂಸ್ಥೆಗಳಿಗೆ ಫೋಟೊ ಇಲ್ಲದ ಕೆಲಸ ಕೆಲಸವೇ ಅಲ್ಲ. ಗೃಹಭೇಟಿ ಮಾಡಿದರೆ ಬಾಗಿಲಲ್ಲಿ ಒಂದು, ಪೌಷ್ಟಿಕ ಆಹಾರ ಕೊಟ್ಟರೆ ಕೈ ಬದಲಾಗುವಾಗ ಒಂದು, ಮಗುವನ್ನು ಬಾಲಮಂದಿರಕ್ಕೆ ಸೇರಿಸಿದರೆ ಮೆಟ್ಟಿಲ ಮೇಲೆ ಒಂದು. ತೆಗೆದದ್ದೆಲ್ಲ ಗುಂಪಿಗೆ. ಆ ಗುಂಪಿನಲ್ಲಿ ಯಾರಿದ್ದಾರೆ? ವರ್ಗವಾಗಿ ಹೋದ ಅಧಿಕಾರಿ, ಕೆಲಸ ಬಿಟ್ಟ ಚಾಲಕ, ಯಾವುದೋ ಸಭೆಗೆ ಬಂದು ಸೇರಿಕೊಂಡ ಸ್ಥಳೀಯ ವರದಿಗಾರ. ಬಂದ ಚಿತ್ರ ಪ್ರತಿಯೊಬ್ಬರ ಗ್ಯಾಲರಿಗೆ ತಾನಾಗಿ ಇಳಿಯುತ್ತದೆ.

ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಹಿಡಿಯಬಹುದಾದ ಬೇರೆ ವಿವರ, ಚಿತ್ರ ಇವುಗಳನ್ನು ಮಾಧ್ಯಮಗಳಲ್ಲಿ, ಬೇರೆ ಯಾವುದೇ ಸಂವಹನದಲ್ಲಿ ಬಹಿರಂಗ ಮಾಡುವಂತಿಲ್ಲ ಎನ್ನುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತಿನ ಬಗ್ಗೆ 2018ರ ಡಿಸೆಂಬರ್‌ನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಗಿಯಾಗಿ ಹೇಳಿತು: ಹೆಸರು ಬಿಟ್ಟರೆ ಸಾಲದು, ಪರೋಕ್ಷವಾಗಿಯೂ ಗುರುತು ಹಿಡಿಯಲು ಸಾಧ್ಯವಾಗುವ ಯಾವ ಸುಳಿವೂ ಇರಬಾರದು. ಮುಖಕ್ಕೆ ಮಸಿ ಬಳಿದ ಹಾಗೆ ಮಸುಕು ಮಾಡಿ ಕಳಿಸುತ್ತಾರಲ್ಲ, ಆ ಫೋಟೊದಲ್ಲಿ ಯೂನಿಫಾರ್ಮಿನ ಬಣ್ಣ ಇರುತ್ತದೆ, ಹಿಂದೆ ಊರಮ್ಮನ ಗುಡಿಯ ಗೋಪುರ ಇರುತ್ತದೆ. ಊರಿನವರಿಗೆ ಅಷ್ಟು ಸಾಕು. ಜಿಪಿಎಸ್ ಕ್ಯಾಮೆರಾದಲ್ಲಿ ತೆಗೆದದ್ದಾದರೆ ಅಕ್ಷಾಂಶ ರೇಖಾಂಶವೂ ಚಿತ್ರದ ಮೇಲೇ ಅಚ್ಚಾಗಿರುತ್ತದೆ.

ಇದರಲ್ಲಿ ಕೆಳಗಿನ ಕೆಲಸದವರನ್ನು ಮಾತ್ರ ಬೈಯುವುದು ನನಗೆ ಒಪ್ಪಿಗೆಯಿಲ್ಲ. ‘ಫೋಟೊ ಎಲ್ಲಿ?’ ಎಂದು ಮೇಲಿನಿಂದ ಕೇಳುವವರಿಗೂ ಅದೇ ಕಾನೂನು ಅನ್ವಯ. ಕೇಳಿದವರಿಗೆ ಹಾಜರಿ ತೋರಿಸಲು ಮುಖವೇ ಬೇಕೆಂದಿಲ್ಲ. ಕೊಟ್ಟ ಕಿಟ್‌ನ ಚಿತ್ರ, ಭೇಟಿ ಪುಸ್ತಕದ ಸಹಿ ಸಾಕಾಗುತ್ತದೆ. ಗುಂಪಿನಲ್ಲಿ ಹೆಸರಿನ ಬದಲು ಪ್ರಕರಣದ ಸಂಖ್ಯೆ ಬರಲಿ. ಸೆಟ್ಟಿಂಗ್ಸ್‌ನಲ್ಲಿ ಚಿತ್ರಗಳು ಗ್ಯಾಲರಿಗೆ ಇಳಿಯದಂತೆ ಮಾಡಲು ಅರ್ಧ ನಿಮಿಷ ಸಾಕು. ಒಪ್ಪಿಗೆ ಪತ್ರದ ಮಾತೂ ಹಾಗೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿ ಪಡೆಯುವ ಮುನ್ನ ಕೊಡಬೇಕಾದ ತಿಳಿವಳಿಕೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದುವ ಅವಕಾಶ ಇರಬೇಕು ಎನ್ನುತ್ತದೆ. ಅಂದರೆ ಕನ್ನಡದಲ್ಲೂ. ಇಂಗ್ಲಿಷಿನ ನಾಲ್ಕು ಪುಟದ ಫಾರಂ ಮುಂದಿಟ್ಟು ‘ಇಲ್ಲಿ ಹೆಬ್ಬೆಟ್ಟು ಒತ್ತಿ’ ಎನ್ನುವುದು ಒಪ್ಪಿಗೆ ಅಲ್ಲ.

ಹೆಬ್ಬೆಟ್ಟು ಎಂದಾಗ ನೆನಪಾಯಿತು. ಒಂದು ಕಾಲಕ್ಕೆ ಓದು ಬಾರದವರನ್ನು ಹೆಬ್ಬೆಟ್ಟಿನವರು ಎಂದು ಹಂಗಿಸುತ್ತಿದ್ದರು. ಈಗ ಅದೇ ಹೆಬ್ಬೆಟ್ಟು ಬ್ಯಾಂಕಿನ ಬೀಗದ ಕೈ. ಪಿಂಚಣಿಯ ಅಜ್ಜಿ ಊರಿಗೆ ಬರುವ ಬ್ಯಾಂಕ್ ಮಿತ್ರನ ಪುಟ್ಟ ಯಂತ್ರದ ಮೇಲೆ ಬೆರಳಿಟ್ಟರೆ ಹಣ ಕೈಗೆ ಬರುತ್ತದೆ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು, ಇಷ್ಟೇ, ಒಟಿಪಿ ಕೇಳುವುದಿಲ್ಲ. ಅನುಕೂಲವೂ ಅದೇ, ಅಪಾಯವೂ ಅದೇ. 2023ರಲ್ಲಿ ಬೆಂಗಳೂರಿನಲ್ಲಿ ಬೆಳಕಿಗೆ ಬಂದ ವಂಚನೆಗಳಲ್ಲಿ ಕಳ್ಳರು ಬೆರಳಚ್ಚು ಎತ್ತಿದ್ದು ಆಸ್ತಿ ನೋಂದಣಿ ಪತ್ರಗಳಿಂದ. ಪಾಸ್‌ವರ್ಡ್ ಕಳೆದರೆ ಬದಲಾಯಿಸಬಹುದು. ಬೆರಳನ್ನು?

ಇದಕ್ಕೆ ಆಧಾರ್‌ನಲ್ಲೇ ಬಯೊಮೆಟ್ರಿಕ್ ಬೀಗ ಇದೆ. ಆ್ಯಪ್‌ನಲ್ಲಿ ಹಾಕಬಹುದು, ಬೇಕಾದಾಗ ಸ್ವಲ್ಪ ಹೊತ್ತು ತೆರೆಯಬಹುದು. ಶಿಬಿರ ಮಾಡಿ ಊರಿನವರಿಗೆಲ್ಲ ಬೀಗ ಹಾಕಿಸಿಬಿಡೋಣ ಅನ್ನಿಸುವುದು ಸಹಜ. ಆದರೆ ಮರುದಿನ ನ್ಯಾಯಬೆಲೆ ಅಂಗಡಿಯ ಯಂತ್ರ ಅಜ್ಜಿಯ ಬೆರಳನ್ನು ಒಲ್ಲೆ ಎನ್ನುತ್ತದೆ, ಅಕ್ಕಿ ಸಿಗುವುದಿಲ್ಲ. ಬೀಗ ತೆರೆಯಲು ಬೇಕಾದ ಒಟಿಪಿ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ಮಗನ ಫೋನಿಗೆ ಬರುತ್ತದೆ. ಆಧಾರ್‌ಗೆ ಯಾರ ನಂಬರು ಜೋಡಿಸಿದೆ ಎಂದು ಮೊದಲು ನೋಡಿ, ಆಮೇಲೆ ಬೀಗದ ಮಾತು. ಜೆರಾಕ್ಸ್ ಕೊಡಬೇಕಾದಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಇಳಿಸಿಕೊಡುವುದು ಇದಕ್ಕಿಂತ ಸುಲಭ.

ದುಡ್ಡು ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930. ಕಳ್ಳರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುವ ಮೊದಲು ತಡೆಯಬೇಕು, ಹಾಗಾಗಿ ಲೆಕ್ಕ ಗಂಟೆಗಳದ್ದು. ಬ್ಯಾಂಕಿಗೂ ಕೂಡಲೇ ತಿಳಿಸಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ, ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಹಣ ಹೋಗಿ, ಬ್ಯಾಂಕಿನ ಸೂಚನೆ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟ ಹೊರಿಸುವಂತಿಲ್ಲ ಎಂದಿತು. ಒಟಿಪಿ ತಾವೇ ಹೇಳಿಬಿಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ತಮ್ಮದು. ಆ ಮೇಲೆ ಹೋದದ್ದಕ್ಕೆ ಬ್ಯಾಂಕು ಹೊಣೆ. ನಿಯಮ ಹೀಗಿದ್ದರೂ ಜನ ತಡಮಾಡುವುದು ನಾಚಿಕೆಯಿಂದ. ‘ಅಷ್ಟೂ ಗೊತ್ತಾಗಲ್ವಾ ನಿಮಗೆ?’ ಎಂಬ ಮಾತಿಗೆ ಹೆದರಿ ಮೂರು ದಿನ ಮನೆಯವರಿಗೂ ಹೇಳಿರುವುದಿಲ್ಲ. ನಿಮ್ಮ ಬಾಯಿಂದಲೂ ಆ ಮಾತು ಬರಬಾರದು.

ನಾಚಿಕೆ ಇನ್ನೂ ಹೆಚ್ಚು ಸುಡುವುದು ಖಾಸಗಿ ಚಿತ್ರ ಹರಡುತ್ತೇನೆಂಬ ಬೆದರಿಕೆಯಲ್ಲಿ. ಪಿಯುಸಿ ಓದುವ ಹುಡುಗಿ ಬಂದು ‘ಅಕ್ಕಾ, ಒಂದು ವಿಷಯ, ಯಾರಿಗೂ ಹೇಳಬಾರದು’ ಎಂದು ಶುರು ಮಾಡಿದರೆ ಅಲ್ಲೇ ಒಂದು ಕ್ಷಣ ತಡೆಯಿರಿ. ಹದಿನೆಂಟು ತುಂಬದವಳ ಮೇಲಿನ ಲೈಂಗಿಕ ಅಪರಾಧ ತಿಳಿದ ಮೇಲೆ ಪೊಲೀಸರಿಗೆ ತಿಳಿಸಲೇಬೇಕೆಂದು ಪೋಕ್ಸೊ ಕಾಯ್ದೆಯ 19ನೇ ಕಲಂ ಹೇಳುತ್ತದೆ. ಗುಟ್ಟು ಉಳಿಸುತ್ತೇನೆಂದು ಮಾತು ಕೊಟ್ಟು ಆಮೇಲೆ ಮುರಿದರೆ ಅವಳಿಗೆ ಅದು ಎರಡನೇ ಮೋಸ. ‘ನಿನ್ನ ಜೊತೆಗೆ ಇರ್ತೀನಿ, ಆದರೆ ಕೆಲವು ವಿಷಯ ನಾನು ಮುಚ್ಚಿಡೋ ಹಾಗಿಲ್ಲ ಕಣಮ್ಮ’ ಎಂದು ಮೊದಲೇ ಹೇಳಿಬಿಡುವುದು ಕಷ್ಟ, ಆದರೆ ನೇರ.

ಸಾಕ್ಷಿಗೆಂದು ಆ ಚಿತ್ರವನ್ನು ನಿಮ್ಮ ಫೋನಿಗೆ ಹಾಕಿಸಿಕೊಳ್ಳಬೇಡಿ. ಮೇಲಧಿಕಾರಿಗೂ ದಾಟಿಸಬೇಡಿ. ಮಕ್ಕಳ ಅಂಥ ಚಿತ್ರವನ್ನು ಇಟ್ಟುಕೊಳ್ಳುವುದೂ ಪೋಕ್ಸೊ 15ನೇ ಕಲಮಿನಡಿ ಅಪರಾಧವಾಗಬಹುದೆಂದು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಬೆದರಿಸಿದ ಖಾತೆಯ ಹೆಸರು, ಕೊಂಡಿ, ದಿನಾಂಕ, ಹೊತ್ತು ಇವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ; ಚಿತ್ರ ಅವಳ ಫೋನಿನಲ್ಲೇ ಇದ್ದು ಪೊಲೀಸರ ಕೈಗೆ ಹೋಗಲಿ. ಹೆದರಿಕೆಯಲ್ಲಿ ಚಾಟ್ ಎಲ್ಲ ಅಳಿಸಿಹಾಕದಂತೆ ಅವಳಿಗೂ ಹೇಳಿ. ಮಕ್ಕಳಿಗೆ ಸಹಾಯವಾಣಿ 1098 ಇದೆ. ವಯಸ್ಕರಿಗೆ ‘ಸ್ಟಾಪ್‌ಎನ್‌ಸಿಐಐ’ ಎಂಬ ಸೌಲಭ್ಯ 2021ರಿಂದ ಇದೆ: ಚಿತ್ರ ಅವರ ಫೋನಿನಿಂದ ಹೊರಗೆ ಹೋಗುವುದೇ ಇಲ್ಲ, ಅದರ ಸಂಕೇತ ಮಾತ್ರ ಹೋಗುತ್ತದೆ, ಅದೇ ಚಿತ್ರ ಸೇರಿಕೊಂಡ ಜಾಲತಾಣಗಳಲ್ಲಿ ಕಂಡರೆ ತಡೆಯಲು ಅನುವಾಗುತ್ತದೆ.

ಕೊನೆಗೆ ಕೆಲಸದವರ ಫೋನು. ಸಂಬಳದಲ್ಲೇ ಕೊಂಡದ್ದು, ಕಂತು ಇನ್ನೂ ಮುಗಿದಿಲ್ಲ. ಬೆಳಗ್ಗೆ ಅದರಲ್ಲಿ ಪ್ರಕರಣದ ಕಡತ, ಸಂಜೆ ಅದರಲ್ಲೇ ಮಗನ ಆಟ. ಒಂದು ದಿನ ಅದು ಬಸ್ ಸ್ಟ್ಯಾಂಡಿನಲ್ಲಿ ಬಿದ್ದು ಗಾಜು ಒಡೆಯುತ್ತದೆ. ಅಂಗಡಿಯ ಹುಡುಗ, ‘ಡಿಸ್ಪ್ಲೇ ಹಾಕಿ ಚೆಕ್ ಮಾಡ್ಬೇಕು ಮೇಡಂ, ಪ್ಯಾಟರ್ನ್ ಹೇಳಿ, ಸಾಯಂಕಾಲ ಬನ್ನಿ’ ಎನ್ನುತ್ತಾನೆ. ಮೇಡಂ ಚೀಟಿಯ ಹಿಂದೆ ಒಂಬತ್ತು ಚುಕ್ಕಿ ಇಟ್ಟು ಗೆರೆ ಎಳೆದು ತೋರಿಸುತ್ತಾರೆ. ಸಿಮ್ ಮಾತ್ರ ಜೋಪಾನವಾಗಿ ತೆಗೆದು ಪರ್ಸಿನಲ್ಲಿಟ್ಟುಕೊಳ್ಳುತ್ತಾರೆ. ಎರಡು ವರ್ಷದ ಗೃಹಭೇಟಿಗಳು ಕೌಂಟರಿನ ಮೇಲೆ ಉಳಿಯುತ್ತವೆ.