ನೇಪಲ್ಸ್‌ನಲ್ಲಿ ಒಂದು ಸೆಮಿಸ್ಟರ್

ನಮ್ಮ ಕನ್ನಡ ಕೂಟದ ಹಲವು ಮನೆಗಳಲ್ಲಿ ಮಕ್ಕಳು ಈಗ ಯೂನಿವರ್ಸಿಟಿ ಮೆಟ್ಟಿಲು ಹತ್ತಿದ್ದಾರೆ. "ಎರಾಸ್ಮಸ್ ಅಂತ ಆರು ತಿಂಗಳು ಇಟಲಿಗೆ ಹೋಗ್ತಾಳಂತೆ, ಓದು ಹಾಳಾಗಲ್ವಾ?" ಎಂದು ಕೇಳುವ ತಂದೆತಾಯಿಯರಿಗಾಗಿ ಈ ನಾಲ್ಕು ಮಾತು.

ಎರಾಸ್ಮಸ್ ಯೋಜನೆ ಶುರುವಾದದ್ದು 1987ರಲ್ಲಿ. ಹೋದ ಕಡೆ ಬೋಧನಾ ಶುಲ್ಕವಿಲ್ಲ, ತಿಂಗಳಿಗಿಷ್ಟು ಎಂದು ಸಹಾಯಧನವೂ ಉಂಟು. ಜರ್ಮನಿಯಲ್ಲಿ ಎಂ.ಎಸ್. ಮಾಡುವಾಗ ನಾನು ಆರಿಸಿಕೊಂಡದ್ದು ನೇಪಲ್ಸ್. ಅಲ್ಲಿನ ವಿಶ್ವವಿದ್ಯಾಲಯವನ್ನು ಚಕ್ರವರ್ತಿ ಎರಡನೇ ಫ್ರೆಡರಿಕ್ 1224ರಲ್ಲಿ ತೆರೆದ, ಅಂದರೆ ನಮ್ಮ ವಿಜಯನಗರ ಹುಟ್ಟುವ ನೂರು ವರ್ಷಕ್ಕೂ ಮೊದಲು! ತತ್ವಜ್ಞಾನಿ ಥಾಮಸ್ ಅಕ್ವಿನಾಸ್ ಓದಿದ್ದು ಇಲ್ಲೇ. ಎಂಜಿನಿಯರಿಂಗ್ ವಿಭಾಗ ಮಾತ್ರ ಹಳೇ ಊರಿನಿಂದ ದೂರ, ಫುವೊರಿಗ್ರೊಟ್ಟಾ ಬಡಾವಣೆಯಲ್ಲಿ, ಫುಟ್‌ಬಾಲ್ ಸ್ಟೇಡಿಯಂ ಎದುರಿಗಿದೆ.

ಬಿ.ಇ. ಓದುವಾಗ ನಮಗೆ ವೈವಾ ಎಂದರೆ ಲ್ಯಾಬ್ ಪರೀಕ್ಷೆಯ ಕೊನೆಗೆ ಐದು ನಿಮಿಷದ ಶಾಸ್ತ್ರ. ಇಟಲಿಯಲ್ಲಿ ಎಷ್ಟೋ ವಿಷಯಗಳಿಗೆ ವೈವಾವೇ ಪರೀಕ್ಷೆ. ಅದೂ ಬಾಗಿಲು ತೆರೆದಿಟ್ಟು. ಮುಂದಿನ ಸರದಿಯವರು ಹಿಂದೆ ಕೂತು ಕೇಳುತ್ತಿರುತ್ತಾರೆ. ಪಾಠ ಇಟಾಲಿಯನ್‌ನಲ್ಲಿ ಇದ್ದರೂ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಕೊಡಲು ಪ್ರೊಫೆಸರ್ ಒಪ್ಪಿದ್ದರು. ಖಾಲಿ ಹಾಳೆ ಮುಂದಿಟ್ಟು, ಡೈಕ್‌ಸ್ಟ್ರಾ ಅಲ್ಗಾರಿದಮ್ ಬರೆಯಿರಿ ಎಂದರು. ಬರೆದೆ. ಯಾವುದೋ ಒಂದು ದಾರಿಯ ತೂಕ ಮೈನಸ್ ಆದರೆ ಇದು ಯಾಕೆ ಕೈಕೊಡುತ್ತದೆ ಎಂದರು. ಹೇಳಿದೆ. ಅದಕ್ಕೆ ಮತ್ತೊಂದು "ಯಾಕೆ"! ಅರ್ಧ ಗಂಟೆ ಹೀಗೇ ನಡೆಯಿತು.

ಅಲ್ಲಿ ಅಂಕ 30ಕ್ಕೆ, ಪಾಸಾಗಲು 18 ಬೇಕು. "24 ಕೊಡುತ್ತೇನೆ, ಒಪ್ಪಿಗೆಯೇ?" ಎಂದು ಕೇಳಿದರು. ಬೇಡವೆಂದರೆ ಮುಂದಿನ ತಾರೀಖಿಗೆ ಮತ್ತೆ ಬರಬಹುದು, ಆದರೆ ಕೈಯಲ್ಲಿದ್ದ 24 ಹೋದಂತೆಯೇ. ಫೇಲಾದರೆ ಕ್ರೆಡಿಟ್ ಇಲ್ಲದೆ ಜರ್ಮನಿಗೆ ವಾಪಸ್. ಗೆಳೆಯರೆಲ್ಲ ತಗೋ ಎಂದರು. ನಾನು ಬೇಡ ಎಂದೆ.

ಮುಂದಿನ ಮೂರು ವಾರ ಓದಿದ ರೀತಿಯೇ ಬೇರೆ. ರೂಮ್‌ಮೇಟ್ ಇತಿಹಾಸದ ವಿದ್ಯಾರ್ಥಿ, ಕಂಪ್ಯೂಟರ್ ವಿಷಯ ಅವನಿಗೆ ಗೊತ್ತಿಲ್ಲ. ರಾತ್ರಿ ಅವನು ಪಾಸ್ತಾ ಬೇಯಿಸುವಾಗ ಒಂದೊಂದು ಅಧ್ಯಾಯ ವಿವರಿಸುತ್ತಿದ್ದೆ. ಅವನು ತಲೆಯಾಡಿಸಿದರೆ ಮಾತ್ರ ಮುಂದಿನ ಅಧ್ಯಾಯ. ಎರಡನೇ ಸಲ 28 ಬಂತು.

ಇವತ್ತು ಆಫೀಸಿನಲ್ಲಿ ಡಿಸೈನ್ ಚರ್ಚೆಗೆ ಕೂತಾಗ ಯಾರಾದರೂ "ಯಾಕೆ" ಎಂದರೆ ನನಗೆ ಗಾಬರಿಯಾಗುವುದಿಲ್ಲ. ಆ ಸೆಮಿಸ್ಟರಿನ ಲಾಭ ಅದೇ.

ಮಕ್ಕಳನ್ನು ಕಳಿಸುವವರು ಮೂರು ವಿಷಯ ನೋಡಿಕೊಳ್ಳಿ. ಯಾವ ಕೋರ್ಸಿಗೆ ಎಷ್ಟು ಕ್ರೆಡಿಟ್ ಎಂಬ ಲರ್ನಿಂಗ್ ಅಗ್ರಿಮೆಂಟಿಗೆ ಹೊರಡುವ ಮುಂಚೆಯೇ ಎರಡೂ ಕಡೆಯ ಸಹಿ ಆಗಿರಲಿ. ಇಟಲಿಯಲ್ಲಿ ಅಂಕ ಹೆಚ್ಚಾದಷ್ಟೂ ಒಳ್ಳೆಯದು, ಜರ್ಮನಿಯಲ್ಲಿ 1 ಅತ್ಯುತ್ತಮ. ಅಂಕ ಹೇಗೆ ಬದಲಾಯಿಸುತ್ತಾರೆಂದು ಮೊದಲೇ ಕೇಳಿ. ವಾಪಸ್ ಟಿಕೆಟ್ಟನ್ನು ಮೊದಲ ಪರೀಕ್ಷೆಯ ಮರುದಿನಕ್ಕೆ ಮಾಡಿಸಬೇಡಿ. ಎರಡನೇ ತಾರೀಖು ಬೇಕಾಗಬಹುದು.