ಕುದುರೆಗೆ ಲಾಳ, ಕಾರಿಗೆ ಟೈರು

ಓಡುವ ಕುದುರೆಯ ಬೆನ್ನ ಮೇಲೆ ಕುಳಿತು ಗುರಿಗೆ ಬಾಣ ಬಿಡುವ ಪುರಾತನ ವಿದ್ಯೆಯೊಂದು ಜಪಾನಿನಲ್ಲಿದೆ. ಅದರ ಹೆಸರು ಯಾಬುಸಾಮೆ. ಸವಾರನ ಎರಡೂ ಕೈಗಳು ಬಿಲ್ಲಿನ ಮೇಲಿರುವುದರಿಂದ ಲಗಾಮು ಹಿಡಿಯಲು ಆತನಿಗೆ ಕೈಯೇ ಇರುವುದಿಲ್ಲ. ಕುದುರೆಯೂ ಸವಾರನೂ ಬೇರೆ ಬೇರೆ ಅಲ್ಲ, ಒಂದೇ ದೇಹ ಎಂಬಂತೆ ಸಾಗಬೇಕು. ಈ ಸ್ಥಿತಿಯನ್ನು ಜಪಾನೀಯರು ‘ಜಿನ್‌ಬಾ ಇತ್ತಾಯ್’ ಎನ್ನುತ್ತಾರೆ.

ಹಿರೋಷಿಮಾದ ಮಜ್ದಾ ಕಂಪೆನಿಯ ಎಂಜಿನಿಯರುಗಳು ಸಣ್ಣದೊಂದು ಸ್ಪೋರ್ಟ್ಸ್ ಕಾರನ್ನು ರೂಪಿಸುವಾಗ ಗುರಿಯಾಗಿ ಇಟ್ಟುಕೊಂಡದ್ದು ಇದೇ ಮಾತನ್ನು. 1989ರ ಫೆಬ್ರವರಿಯಲ್ಲಿ ಅಮೆರಿಕದ ಷಿಕಾಗೋ ವಾಹನ ಪ್ರದರ್ಶನದಲ್ಲಿ ಅದು ಜನರ ಮುಂದೆ ಬಂತು. ಹೆಸರು ಎಂಎಕ್ಸ್-5. ಅಮೆರಿಕದವರ ಬಾಯಲ್ಲಿ ಅದು ‘ಮಿಯಾಟಾ’. ಎರಡೇ ಆಸನ, ಮಡಚಿಡಬಹುದಾದ ಮಾಡು, ಒಂದು ಟನ್ನಿಗಿಂತ ಕಡಿಮೆ ತೂಕ. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡಾಸನದ ಸ್ಪೋರ್ಟ್ಸ್ ಕಾರು ಎಂದು ಗಿನ್ನೆಸ್ ದಾಖಲೆ ಸೇರಿದ ಈ ವಾಹನ 2016ರಲ್ಲಿ ಹತ್ತು ಲಕ್ಷದ ಸಂಖ್ಯೆಯನ್ನು ಮುಟ್ಟಿತು.

1989ರಿಂದ 1997ರವರೆಗೆ ತಯಾರಾದ ಮೊದಲ ಪೀಳಿಗೆಯ ಕಾರುಗಳು ಇಂದಿಗೂ ಹಲವು ದೇಶಗಳಲ್ಲಿ ಓಡುತ್ತಿವೆ. ಅವುಗಳ ಮಾಲೀಕರು ಮತ್ತೆ ಮತ್ತೆ ಎದುರಿಸುವ ಪ್ರಶ್ನೆ ಒಂದೇ: ಹಳೆಯ ಟೈರು ಸವೆಯಿತು, ಇನ್ನು ಯಾವುದನ್ನು ಹಾಕಿಸುವುದು? ನೋಡಲು ಇದು ಅಂಗಡಿಗೆ ಹೋಗಿ ಐದು ನಿಮಿಷದಲ್ಲಿ ಮುಗಿಸುವ ವ್ಯವಹಾರ. ಆದರೆ ಈ ಆಯ್ಕೆಯ ಹಿಂದೆ ಸುಮಾರು ನೂರೆಂಬತ್ತು ವರ್ಷಗಳ ಇತಿಹಾಸವಿದೆ, ಸ್ವಲ್ಪ ಲೆಕ್ಕವಿದೆ, ಜೀವದ ಪ್ರಶ್ನೆಯೂ ಇದೆ.

ನಾಲ್ಕು ಅಂಗೈ ಜಾಗ

ಕಾರಿಗೂ ನೆಲಕ್ಕೂ ಇರುವ ಸಂಬಂಧ ಟೈರು ಮಾತ್ರ. ಎಂಜಿನ್ ಎಷ್ಟೇ ಬಲಶಾಲಿಯಾಗಿರಲಿ, ಬ್ರೇಕು ಎಷ್ಟೇ ಚುರುಕಾಗಿರಲಿ, ಅವುಗಳ ಕೆಲಸವೆಲ್ಲ ನೆಲಕ್ಕೆ ತಲುಪುವುದು ರಬ್ಬರಿನ ಮೂಲಕ. ಆ ರಬ್ಬರು ನೆಲವನ್ನು ಮುಟ್ಟುವ ಜಾಗವೆಷ್ಟು?

ಸುಲಭವಾಗಿ ಲೆಕ್ಕ ಹಾಕಬಹುದು. ಇಬ್ಬರು ಕುಳಿತಾಗ ಈ ಕಾರಿನ ತೂಕ ಸುಮಾರು 1,100 ಕಿಲೋ. ಒಂದೊಂದು ಟೈರಿನ ಪಾಲಿಗೆ 275 ಕಿಲೋ. ಅದರೊಳಗಿನ ಗಾಳಿಯ ಒತ್ತಡ ಚದರ ಅಂಗುಲಕ್ಕೆ 26 ಪೌಂಡು. ಅಂದರೆ ಚದರ ಸೆಂಟಿಮೀಟರಿಗೆ 1.8 ಕಿಲೋಗಿಂತ ತುಸು ಹೆಚ್ಚು. ಭಾಗಿಸಿದರೆ ಸಿಗುವುದು ಸುಮಾರು 150 ಚದರ ಸೆಂಟಿಮೀಟರ್. ದೊಡ್ಡವರ ಅಂಗೈಯನ್ನು ಬೆರಳುಗಳ ಸಮೇತ ನೆಲಕ್ಕೆ ಒತ್ತಿದಷ್ಟು ಜಾಗ ಅದು. ನಾಲ್ಕೂ ಟೈರುಗಳನ್ನು ಸೇರಿಸಿದರೆ, ಕಚೇರಿಗಳಲ್ಲಿ ಬಳಸುವ ಎ-4 ಹಾಳೆಯೊಂದರಷ್ಟು! ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ತಿರುವು ತೆಗೆದುಕೊಳ್ಳುವ ಕಾರಿನ ಭವಿಷ್ಯವೆಲ್ಲ ಒಂದು ಹಾಳೆಯ ಮೇಲೆ ನಿಂತಿದೆ ಎಂದರೆ ಅತಿಶಯೋಕ್ತಿಯಲ್ಲ.

ತ್ರಿಚಕ್ರದಿಂದ ರೇಡಿಯಲ್‌ವರೆಗೆ

ಚಳಿಗೆ ಗಡುಸಾಗಿ, ಬಿಸಿಲಿಗೆ ಅಂಟಾಗುತ್ತಿದ್ದ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿ ಮಾಡುವ ವಿಧಾನವನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ಗಾಳಿ ತುಂಬಿದ ಟೈರಿಗೆ ಮೊದಲು ಪೇಟೆಂಟು ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಆಗ ಕಾರೂ ಇರಲಿಲ್ಲ, ಇಂದಿನಂಥ ಸೈಕಲ್ಲೂ ಇರಲಿಲ್ಲ. ಹಾಗಾಗಿ ಲೋಕ ಅದನ್ನು ಮರೆತೇಬಿಟ್ಟಿತು. ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ತ್ರಿಚಕ್ರ ಸೈಕಲ್ಲಿಗೆಂದು ಗಾಳಿ ಟೈರು ಮಾಡಿ 1888ರಲ್ಲಿ ಪೇಟೆಂಟು ಪಡೆದ. ಥಾಮ್ಸನ್ನನ ಹಳೆಯ ಪೇಟೆಂಟು ಬೆಳಕಿಗೆ ಬಂದದ್ದರಿಂದ ಆ ಹಕ್ಕು ಉಳಿಯಲಿಲ್ಲ. ಆದರೂ ಟೈರಿನೊಡನೆ ಡನ್‌ಲಪ್ ಹೆಸರು ಉಳಿಯಿತು.

ಕಾರಿಗೆ ಗಾಳಿ ಟೈರು ಹಾಕಿ ತೋರಿಸಿದವರು ಫ್ರಾನ್ಸಿನ ಮಿಷೆಲಿನ್ ಸಹೋದರರು. 1895ರ ಪ್ಯಾರಿಸ್-ಬೋರ್ಡೊ-ಪ್ಯಾರಿಸ್ ಪಂದ್ಯದಲ್ಲಿ ಅವರು ಅಂಥ ಕಾರನ್ನು ಓಡಿಸಿದರು. ಮುಂದಿನ ದೊಡ್ಡ ಹೆಜ್ಜೆಯೂ ಅದೇ ಕಂಪೆನಿಯದು. ಹಳೆಯ ಟೈರುಗಳ ಒಳಗಿನ ನೂಲಿನ ಪದರಗಳು ಒಂದರ ಮೇಲೊಂದು ಓರೆಯಾಗಿ ಹಾಯುತ್ತಿದ್ದವು. 1946ರಲ್ಲಿ ಮಿಷೆಲಿನ್ ಪೇಟೆಂಟು ಪಡೆದ ರೇಡಿಯಲ್ ಟೈರಿನಲ್ಲಿ ನೂಲುಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯುತ್ತವೆ. ನೆಲ ಮುಟ್ಟುವ ಭಾಗದ ಕೆಳಗೆ ಉಕ್ಕಿನ ತಂತಿಯ ಪಟ್ಟಿ ಇರುತ್ತದೆ. ಇದರಿಂದ ತಿರುವಿನಲ್ಲಿ ಟೈರಿನ ಮಗ್ಗುಲು ಬಾಗಿದರೂ ನೆಲ ಮುಟ್ಟುವ ಭಾಗ ಸಪಾಟಾಗಿಯೇ ಇರುತ್ತದೆ. ಭಾರತಕ್ಕೆ ರೇಡಿಯಲ್ ತಂತ್ರ ಬಂದದ್ದು 1977ರಲ್ಲಿ, ಜೆ.ಕೆ. ಟೈರ್ ಮೂಲಕ. ಮೈಸೂರಿನ ವಿಕ್ರಾಂತ್ ಟೈರ್ಸ್ 1997ರಲ್ಲಿ ಇದೇ ಕಂಪೆನಿಯ ಕೈಸೇರಿತು ಎಂಬುದು ನಮ್ಮವರಿಗೆ ನೆನಪಿರಬಹುದು.

ಮಗ್ಗುಲಿನ ಶಾಸನ

ಹಳೆಯ ದೇವಾಲಯದ ಕಂಬದಲ್ಲಿ ಶಾಸನವಿರುವಂತೆ ಪ್ರತಿ ಟೈರಿನ ಮಗ್ಗುಲಲ್ಲೂ ಬರಹವಿರುತ್ತದೆ. ಅದನ್ನು ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ. ಮೊದಲ ಪೀಳಿಗೆಯ ಎಂಎಕ್ಸ್-5 ಕಾರಿನ ಮೂಲ ಟೈರಿನ ಮೇಲಿದ್ದ ಬರಹ: 185/60 ಆರ್ 14 82 ಎಚ್.

ಇದರಲ್ಲಿ 185 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 60 ಎಂದರೆ ಮಗ್ಗುಲಿನ ಎತ್ತರ ಅಗಲದ ಶೇ. 60ರಷ್ಟು, ಅಂದರೆ 111 ಮಿ.ಮೀ. ಆರ್ ಎಂದರೆ ರೇಡಿಯಲ್. 14 ಎಂಬುದು ರಿಮ್ಮಿನ ವ್ಯಾಸ, ಅಂಗುಲದಲ್ಲಿ. 82 ಎಂಬುದು ಭಾರದ ಸೂಚಿ. ಒಂದು ಟೈರು 475 ಕಿಲೋ ಹೊರಬಲ್ಲದು ಎಂದರ್ಥ. ಎಚ್ ಎಂಬುದು ವೇಗದ ಸೂಚಿ, ಗಂಟೆಗೆ 210 ಕಿ.ಮೀ. ವಿ ಇದ್ದರೆ 240, ಡಬ್ಲ್ಯು ಇದ್ದರೆ 270, ವೈ ಇದ್ದರೆ 300. ಅಷ್ಟು ವೇಗದಲ್ಲಿ ಓಡಿಸಿರಿ ಎಂಬ ಆಹ್ವಾನವಲ್ಲ ಇದು. ಆ ವೇಗದ ಶಾಖವನ್ನು ಟೈರು ತಡೆಯಬಲ್ಲದು ಎಂಬ ಭರವಸೆ. ಹೊಸ ಟೈರಿನ ಭಾರದ ಸೂಚಿಯಾಗಲಿ ವೇಗದ ಸೂಚಿಯಾಗಲಿ ಮೂಲಕ್ಕಿಂತ ಕಡಿಮೆ ಇರಬಾರದು. ಇದು ಮೊದಲ ನಿಯಮ.

ದೊಡ್ಡ ಗಾಲಿಯ ಆಸೆ

ಹದಿನಾಲ್ಕು ಅಂಗುಲದ ಗಾಲಿಗೆ ಒಳ್ಳೆಯ ಸ್ಪೋರ್ಟ್ಸ್ ಟೈರುಗಳು ವಿರಳವಾದ್ದರಿಂದ ಅನೇಕರು ಹದಿನೈದು ಅಂಗುಲಕ್ಕೆ ಹೋಗುತ್ತಾರೆ. ಹಾಗೆ ಹೋಗುವಾಗ ಟೈರಿನ ಒಟ್ಟು ವ್ಯಾಸ ಬದಲಾಗದಂತೆ ನೋಡಿಕೊಳ್ಳಬೇಕು. ಮೂಲ ಟೈರಿನ ವ್ಯಾಸ: ಎರಡು ಮಗ್ಗುಲು ಸೇರಿ 222 ಮಿ.ಮೀ., ರಿಮ್ಮು 355.6 ಮಿ.ಮೀ., ಒಟ್ಟು 577.6. ಅದೇ 195/50 ಆರ್ 15 ಟೈರಾದರೆ ಮಗ್ಗುಲುಗಳು 195, ರಿಮ್ಮು 381, ಒಟ್ಟು 576. ವ್ಯತ್ಯಾಸ ಎರಡು ಮಿಲಿಮೀಟರೂ ಇಲ್ಲ! ಇದರಲ್ಲಿ 82 ಭಾರದ ಸೂಚಿ ಮತ್ತು ವಿ ವೇಗದ ಸೂಚಿ ಇರುವ ಟೈರುಗಳೂ ಸಿಗುತ್ತವೆ. ಈ ಕಾರಿನವರಲ್ಲಿ ಈ ಅಳತೆ ಜನಪ್ರಿಯವಾಗಿರುವುದಕ್ಕೆ ಕಾರಣ ಇದೇ.

ಲೆಕ್ಕ ಹಾಕದೆ 195/60 ಆರ್ 15 ತಂದರೆ ವ್ಯಾಸ 615 ಮಿ.ಮೀ. ಆಗುತ್ತದೆ, ಶೇ. 6ಕ್ಕಿಂತ ಹೆಚ್ಚು. ಆಗ ವೇಗದ ಮುಳ್ಳು ನೂರನ್ನು ತೋರಿಸುವಾಗ ಕಾರು ನಿಜವಾಗಿ ಇನ್ನೂ ಆರು ಕಿಲೋಮೀಟರ್ ಹೆಚ್ಚು ವೇಗದಲ್ಲಿರುತ್ತದೆ. ಟೈರು ಮಡ್‌ಗಾರ್ಡಿಗೆ ಉಜ್ಜಲೂಬಹುದು.

ಇನ್ನಷ್ಟು ಅಗಲದ ಟೈರು ಹಾಕಿದರೆ ಹಿಡಿತ ಹೆಚ್ಚುತ್ತದಲ್ಲವೇ ಎಂದು ಕೇಳಬಹುದು. ಮೇಲಿನ ಅಂಗೈ ಲೆಕ್ಕವನ್ನು ನೆನಪಿಸಿಕೊಳ್ಳಿ. ತೂಕವೂ ಗಾಳಿಯ ಒತ್ತಡವೂ ಅಷ್ಟೇ ಇದ್ದರೆ ನೆಲ ಮುಟ್ಟುವ ಜಾಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದರ ಆಕಾರ ಮಾತ್ರ ಬದಲಾಗುತ್ತದೆ. ಉದ್ದ ಕಡಿಮೆಯಾಗಿ ಅಗಲ ಹೆಚ್ಚುತ್ತದೆ. ಒಣ ರಸ್ತೆಯ ತಿರುವಿನಲ್ಲಿ ಅದರಿಂದ ಲಾಭವಿದೆ, ನೀರು ನಿಂತ ರಸ್ತೆಯಲ್ಲಿ ನಷ್ಟವಿದೆ. ಜತೆಗೆ ದೊಡ್ಡ ಗಾಲಿ ಭಾರವಾದರೆ ಸಸ್ಪೆನ್ಷನ್ನಿಗೆ ಹೊರೆ. ಮಗ್ಗುಲು ಗಿಡ್ಡವಾದಷ್ಟೂ ರಸ್ತೆಯ ಗುಂಡಿ ನೇರವಾಗಿ ರಿಮ್ಮಿಗೆ, ಸವಾರನ ಬೆನ್ನಿಗೆ ತಾಗುತ್ತದೆ.

ಮೆದು ರಬ್ಬರು, ಗಡುಸು ರಬ್ಬರು

ಅಳತೆ ಒಂದೇ ಆದರೂ ಎಲ್ಲ ಟೈರುಗಳ ಗುಣ ಒಂದೇ ಅಲ್ಲ. ಮೆದುವಾದ ರಬ್ಬರು ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳನ್ನು ಒತ್ತಿ ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ. ಗಡುಸು ರಬ್ಬರು ಬಾಳಿಕೆ ಬರುತ್ತದೆ, ಹಿಡಿತ ಕಡಿಮೆ. ಅಮೆರಿಕದಲ್ಲಿ ಮಾರುವ ಟೈರುಗಳ ಮೇಲೆ ಸವೆತದ ಅಂಕಿಯೊಂದಿರುತ್ತದೆ. ಮಾದರಿ ಟೈರಿಗೆ 100 ಎಂದಿಟ್ಟು, 400 ಎಂದರೆ ಅದರ ನಾಲ್ಕರಷ್ಟು ಬಾಳಿಕೆ ಎಂಬ ಲೆಕ್ಕ. ಪಂದ್ಯದ ಹುಚ್ಚಿನವರು 200ರ ಟೈರು ಹುಡುಕುತ್ತಾರೆ. ಆದರೆ ಈ ಅಂಕಿಯನ್ನು ಕೊಡುವವರು ಟೈರು ತಯಾರಕರೇ ಆದ್ದರಿಂದ ಒಂದು ಕಂಪೆನಿಯ ಅಂಕಿಯನ್ನು ಇನ್ನೊಂದರ ಜತೆ ಹೋಲಿಸುವಾಗ ಎಚ್ಚರ ಬೇಕು.

ಹವೆಯ ವಿಚಾರವೂ ಮುಖ್ಯ. ಬೇಸಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಡುಸಾಗತೊಡಗುತ್ತದೆ. ಜರ್ಮನಿಯಂಥ ದೇಶದಲ್ಲಿ ಚಳಿಗಾಲಕ್ಕೆ ಬೇರೆಯದೇ ಟೈರು ಹಾಕುವುದು ಇದಕ್ಕಾಗಿಯೇ. ಬಿಸಿ ನಾಡಿನವನಿಗೆ ಆ ಟೈರಿನಿಂದ ಉಪಯೋಗವಿಲ್ಲ. ಬಿಸಿಲಿನ ಡಾಂಬರಿನ ಮೇಲೆ ಅದು ಬೇಗ ಸವೆದುಹೋಗುತ್ತದೆ.

ನೀರಿನ ಮೇಲೆ ತೇಲುವ ಕಾರು

ಟೈರಿನ ಮೇಲ್ಮೈಯಲ್ಲಿ ಕೊರೆದ ಗೀರುಗಳು ಅಂದಕ್ಕಲ್ಲ. ಮಳೆನೀರನ್ನು ಹೊರಗೆ ಹಾಯಿಸುವ ಕಾಲುವೆಗಳು ಅವು. ಗೀರು ಸವೆದಾಗ ನೀರಿಗೆ ದಾರಿಯಿಲ್ಲ. ಒಂದು ವೇಗದಾಚೆ ಟೈರು ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಆಗ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ನಾಸಾ ಸಂಸ್ಥೆಯವರು ವಿಮಾನದ ಚಕ್ರಗಳ ಮೇಲೆ ಪ್ರಯೋಗ ಮಾಡಿ ಈ ವೇಗಕ್ಕೆ ಸೂತ್ರ ಕಂಡುಕೊಂಡರು: ಪೌಂಡಿನಲ್ಲಿರುವ ಗಾಳಿಯ ಒತ್ತಡದ ವರ್ಗಮೂಲವನ್ನು 10.35ರಿಂದ ಗುಣಿಸಿದರೆ ಗಂಟೆಗೆ ಇಷ್ಟು ಮೈಲಿ ಎಂದು ಸಿಗುತ್ತದೆ. ಅದರಂತೆ 26 ಪೌಂಡಿನ ಬೋಳು ಟೈರು ನೀರು ನಿಂತ ರಸ್ತೆಯಲ್ಲಿ ಗಂಟೆಗೆ ಸುಮಾರು 85 ಕಿ.ಮೀ. ವೇಗದಲ್ಲೇ ತೇಲತೊಡಗುತ್ತದೆ. ಗಾಳಿ ಕಡಿಮೆಯಾದರೆ ಇನ್ನೂ ಬೇಗ.

ಯುರೋಪಿನಲ್ಲೂ ಭಾರತದಲ್ಲೂ ಕಾರಿನ ಟೈರಿನ ಗೀರು 1.6 ಮಿ.ಮೀ.ಗಿಂತ ಕಡಿಮೆ ಇರಕೂಡದೆಂಬ ಕಾನೂನಿದೆ. ಗೀರಿನ ತಳದಲ್ಲಿರುವ ಸಣ್ಣ ದಿಬ್ಬಗಳು ಮೇಲ್ಮೈಗೆ ಸಮನಾದರೆ ಆ ಮಿತಿ ಬಂತೆಂದು ತಿಳಿಯಬೇಕು. ಯುರೋಪಿನಲ್ಲಿ ಮಾರುವ ಟೈರಿನ ಚೀಟಿಯಲ್ಲಿ ಒದ್ದೆ ರಸ್ತೆಯ ಹಿಡಿತಕ್ಕೆ ಎ ಯಿಂದ ಇ ವರೆಗೆ ಅಕ್ಷರವಿರುತ್ತದೆ. ಬೆಲೆಯ ಚೀಟಿಗಿಂತ ಮೊದಲು ನೋಡಬೇಕಾದ ಅಕ್ಷರ ಅದು.

ಎರಡೇ ಹೊಸ ಟೈರು ಕೊಳ್ಳುವುದಾದರೆ ಅವನ್ನು ಹಿಂದಿನ ಗಾಲಿಗೆ ಹಾಕಬೇಕು ಎಂಬುದು ಟೈರು ತಯಾರಕರ ಸಲಹೆ. ಮುಂದಿನ ಗಾಲಿ ಜಾರಿದರೆ ಕಾರು ನೇರವಾಗಿ ಹೋಗುತ್ತದೆ, ಚಾಲಕನಿಗೆ ಅದು ಕೂಡಲೇ ತಿಳಿಯುತ್ತದೆ. ಹಿಂದಿನದು ಜಾರಿದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ. ಹಿಂಗಾಲಿಯಿಂದ ನಡೆಯುವ ಸ್ಪೋರ್ಟ್ಸ್ ಕಾರಿಗೆ ನಾಲ್ಕನ್ನೂ ಒಟ್ಟಿಗೆ, ಒಂದೇ ಜಾತಿಯದನ್ನೇ ಹಾಕಿಸುವುದು ಲೇಸು. ಪೋರ್ಷೆ ಕಂಪೆನಿಯಂತೂ ತಾನು ಪರೀಕ್ಷಿಸಿ ಒಪ್ಪಿದ ಟೈರುಗಳ ಮೇಲೆ ‘ಎನ್’ ಅಕ್ಷರವನ್ನು ಅಂಕಿಯೊಡನೆ ಅಚ್ಚು ಹಾಕಿಸುತ್ತದೆ. ಹಾಗೆ ಒಪ್ಪಿದವುಗಳಲ್ಲೂ ಬೇರೆ ಬೇರೆ ಬಗೆಯವನ್ನು ಬೆರೆಸಬೇಡಿ ಎನ್ನುತ್ತದೆ.

ಕಾಣದ ಮುಪ್ಪು

ಎಲ್ಲಕ್ಕಿಂತ ಸುಲಭವಾಗಿ ಮರೆತುಹೋಗುವ ಸಂಗತಿ ಟೈರಿನ ವಯಸ್ಸು. ಸ್ಪೋರ್ಟ್ಸ್ ಕಾರು ದಿನಬಳಕೆಯ ವಾಹನವಲ್ಲ. ಭಾನುವಾರ ಹೊರಬಂದು ಉಳಿದ ದಿನ ಗ್ಯಾರೇಜಿನಲ್ಲಿ ನಿಂತಿರುತ್ತದೆ. ಆದ್ದರಿಂದ ಟೈರಿನ ಗೀರು ಹೊಸದರಂತೆಯೇ ಇರುತ್ತದೆ. ಆದರೆ ಗಾಳಿಯಲ್ಲಿರುವ ಆಮ್ಲಜನಕ ಮತ್ತು ಓಜೋನ್ ರಬ್ಬರನ್ನು ದಿನದಿನವೂ ಗಡುಸು ಮಾಡುತ್ತಿರುತ್ತವೆ.

2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಿಟಾದಲ್ಲಿ ಪೋರ್ಷೆ ಕರೇರಾ ಜಿಟಿ ಕಾರೊಂದು ಅಪಘಾತಕ್ಕೀಡಾಗಿ ಚಿತ್ರನಟ ಪಾಲ್ ವಾಕರ್ ಹಾಗೂ ಕಾರು ಓಡಿಸುತ್ತಿದ್ದ ಅವರ ಗೆಳೆಯ ತೀರಿಕೊಂಡರು. ಗಂಟೆಗೆ 45 ಮೈಲಿ ಮಿತಿಯ ರಸ್ತೆಯಲ್ಲಿ ಕಾರು 80ರಿಂದ 93 ಮೈಲಿ ವೇಗದಲ್ಲಿತ್ತು, ಅತಿವೇಗವೇ ಅಪಘಾತದ ಕಾರಣ ಎಂದು 2014ರ ತನಿಖೆ ಹೇಳಿತು. ಆದರೆ ಅದೇ ತನಿಖೆ ಇನ್ನೊಂದು ಮಾತನ್ನೂ ದಾಖಲಿಸಿತು: ಟೈರುಗಳಿಗೆ ಒಂಬತ್ತು ವರ್ಷ ವಯಸ್ಸಾಗಿತ್ತು, ಅದರಿಂದ ಕಾರಿನ ಹತೋಟಿ ಕುಂದಿರಬಹುದು.

ವಯಸ್ಸನ್ನು ತಿಳಿಯುವುದು ಕಷ್ಟವಲ್ಲ. 2000ದಿಂದೀಚೆಗಿನ ಟೈರುಗಳ ಮಗ್ಗುಲಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷೆ ಮಾಡಿಸಿ, ಹತ್ತು ವರ್ಷವಾದರೆ ನೋಡಲು ಚೆನ್ನಾಗಿದ್ದರೂ ಬದಲಿಸಿ ಎನ್ನುತ್ತದೆ ಮಿಷೆಲಿನ್. ಅಂಗಡಿಯಲ್ಲಿ ಹೊಸದೆಂದು ಕೊಡುವ ಟೈರಿನಲ್ಲೂ ಈ ಅಂಕಿಯನ್ನು ಓದಬೇಕು. ಹಳೆಯ ದಾಸ್ತಾನನ್ನು ಅಗ್ಗದ ಬೆಲೆಗೆ ಕೊಟ್ಟರೆಂದು ಹಿಗ್ಗಬೇಕಾಗಿಲ್ಲ; ಚಿನ್ನದ ಸೂಜಿಯೆಂದು ಯಾರೂ ಕಣ್ಣಿಗೆ ಚುಚ್ಚಿಕೊಳ್ಳುವುದಿಲ್ಲ.

ಹೀಗೆ ನೋಡಿದರೆ ಆಯ್ಕೆಯ ಕ್ರಮ ತಾನಾಗಿಯೇ ಸ್ಪಷ್ಟವಾಗುತ್ತದೆ. ಮೊದಲು ಅಳತೆ ಮತ್ತು ಸೂಚಿಗಳು, ನಂತರ ತನ್ನ ಊರಿನ ಹವೆ, ಆಮೇಲೆ ಒದ್ದೆ ರಸ್ತೆಯ ಹಿಡಿತ, ಬಳಿಕ ತಯಾರಾದ ವಾರ. ಒಣ ರಸ್ತೆಯ ವೇಗ, ನೋಟದ ಬೆಡಗು, ಬೆಲೆ ಇವೆಲ್ಲ ಅದರ ಹಿಂದೆ ಬರಬೇಕಾದವು. ಅನೇಕರು ಈ ಪಟ್ಟಿಯನ್ನು ತಲೆಕೆಳಗಾಗಿ ಓದುತ್ತಾರೆ ಎಂಬುದೇ ತೊಂದರೆ. ಬಿಲ್ಲು ಹಿಡಿದ ಸವಾರ ಎರಡೂ ಕೈ ಬಿಟ್ಟು ಕುದುರೆಯನ್ನು ನಂಬುವುದು ಅದರ ಕಾಲು ಗಟ್ಟಿಯಾಗಿದೆ ಎಂಬ ಧೈರ್ಯದಿಂದ. ಕಾರಿನ ಕಾಲು ಗಟ್ಟಿಯಾಗಿದೆಯೇ ಎಂದು ಬಗ್ಗಿ ನೋಡುವ ಕೆಲಸವನ್ನು ಮಾತ್ರ ಸವಾರನೇ ಮಾಡಬೇಕು.