ಒಂದು ‘ಅಚ್ಚು’, ನಿಘಂಟಿನ ಕಸುಬು

ಮದ್ದೂರಿನ ಕಡೆಯ ಆಲೆಮನೆಗಳಲ್ಲಿ ಕಬ್ಬಿನ ಹಾಲು ಕುದ್ದು ಪಾಕ ಬಂದ ಮೇಲೆ ಅದನ್ನು ಮರದ ಅಚ್ಚಿಗೆ ತುಂಬುತ್ತಾರೆ. ಆರಿದ ಮೇಲೆ ಕೈಗೆ ಬರುವುದೂ ಅಚ್ಚೇ: ‘ಒಂದಚ್ಚು ಬೆಲ್ಲ ಕೊಡಿ’. ಎತ್ತಿನ ಗಾಡಿಯ ಎರಡು ಚಕ್ರಗಳ ನಡುವೆ ಇರುವುದೂ ಅಚ್ಚು. ಮಳವಳ್ಳಿಯ ರೈತ ತನ್ನ ಗದ್ದೆ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿದೆ ಅನ್ನುತ್ತಾನೆ. ಮನೆಯಲ್ಲಿ ಮಗಳು ಪುಸ್ತಕಗಳನ್ನು ಅಚ್ಚುಕಟ್ಟಾಗಿ ಜೋಡಿಸುತ್ತಾಳೆ. ಆಡುವವರಿಗೆ ಇಲ್ಲಿ ಯಾವ ತೊಡಕೂ ಇಲ್ಲ. ನಿಘಂಟುಕಾರನ ಕೆಲಸ ಶುರುವಾಗುವುದೇ ಇಲ್ಲಿ.

ಇವೆಲ್ಲ ಒಂದೇ ಪದವೋ, ಒಂದೇ ರೂಪದ ಬೇರೆ ಬೇರೆ ಪದಗಳೋ? ಬೆಲ್ಲದ ಅಚ್ಚು ತಮಿಳು, ಮಲಯಾಳಗಳಲ್ಲೂ ಇರುವ ದ್ರಾವಿಡ ಪದ. ಗಾಡಿಯ ಅಚ್ಚು ಸಂಸ್ಕೃತದ ‘ಅಕ್ಷ’ದ ತದ್ಭವ ಎನ್ನುವುದುಂಟು. ಒಪ್ಪಿದರೆ ಎರಡನ್ನೂ ಬಿಡಿಸಿ ಬರೆಯಬೇಕು. ಆಮೇಲೆ ಒಂದೊಂದು ಅರ್ಥಕ್ಕೂ ಸಾಕ್ಷಿ ಹುಡುಕಬೇಕು: ಕಾವ್ಯದಲ್ಲಿ, ಶಾಸನದಲ್ಲಿ, ಗಾದೆಯಲ್ಲಿ, ಜನರ ಬಾಯಲ್ಲಿ. ಸಾಕ್ಷಿ ಸಿಗದ ಅರ್ಥ ಎಷ್ಟೇ ಚೆನ್ನಾಗಿದ್ದರೂ ಅದು ಬರೀ ಊಹೆ.

ಈ ಶಿಸ್ತನ್ನು ಕನ್ನಡದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಸಿ ತೋರಿಸಿದವರು ಜರ್ಮನಿಯ ಫರ್ಡಿನೆಂಡ್ ಕಿಟ್ಟೆಲ್. ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಬಂದಾಗ ಅವರಿಗೆ 21 ವರ್ಷ. ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. ಹಳಗನ್ನಡದ ವ್ಯಾಕರಣ, ಛಂದಸ್ಸು ಎರಡನ್ನೂ ಅರಗಿಸಿಕೊಂಡ ಕೈ ಅದು. ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ನೋಡಿ, ಇಲ್ಲೂ ಅಚ್ಚು! ಪಂಪ, ಕುಮಾರವ್ಯಾಸರನ್ನು ಓದುವಾಗ ನಾವು ಇಂದಿಗೂ ಅದನ್ನು ತೆರೆಯುತ್ತೇವೆ. ಪರದೇಶದಿಂದ ಬಂದವರೊಬ್ಬರು ಕಾವ್ಯದ ಪದದ ಜೊತೆ ಊರಿನ ಗಾದೆಗೂ ಜಾಗ ಕೊಟ್ಟರಲ್ಲ, ನನಗೆ ಅದೇ ಅವರ ದೊಡ್ಡತನ.

ಆ ದಾರಿಯಲ್ಲಿ ಮುಂದೆ ನಡೆದವರು ಶ್ರೀರಂಗಪಟ್ಟಣದ ಗಂಜಾಮನ್ನು ಹೆಸರಿನಲ್ಲೇ ಹೊತ್ತ ಜಿ. ವೆಂಕಟಸುಬ್ಬಯ್ಯ. 1913ರಲ್ಲಿ ಹುಟ್ಟಿದ ಅವರು ಮೊದಲು ಮೇಷ್ಟ್ರಾದದ್ದು ಮಂಡ್ಯದಲ್ಲೇ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಿಗೆ ಪ್ರಧಾನ ಸಂಪಾದಕರಾಗಿ ದುಡಿದರು. ಇದರಲ್ಲಿ ಕನ್ನಡ ಪದಕ್ಕೆ ಕನ್ನಡದಲ್ಲೇ ಅರ್ಥ. ಪ್ರಜಾವಾಣಿಯ ‘ಇಗೋ ಕನ್ನಡ’ದಲ್ಲಿ ಓದುಗರು ಕೇಳಿದ ಪದಗಳಿಗೆ ವರ್ಷಗಟ್ಟಲೆ ಉತ್ತರಿಸಿದರು. 107 ವರ್ಷ ಬಾಳಿ 2021ರಲ್ಲಿ ತೀರಿಕೊಂಡರು.

ಕೆಲಸ ಮಾತ್ರ ಮುಗಿದಿಲ್ಲ. ಗಾಣ, ಕೊಪ್ಪರಿಗೆ, ನೊಗ, ಮೇಣಿಗಳ ಜೊತೆ ಬದುಕಿದ ಅಜ್ಜ-ಅಜ್ಜಿಯರು ಇನ್ನೂ ನಮ್ಮ ಊರುಗಳಲ್ಲಿದ್ದಾರೆ. ಮುಂದಿನ ಸಲ ಹಳ್ಳಿಗೆ ಹೋದಾಗ ಅವರಿಂದ ಹತ್ತು ಪದ ಕೇಳಿ, ಅವರು ಆಡಿದ ವಾಕ್ಯವನ್ನೂ ಊರಿನ ಹೆಸರನ್ನೂ ಸೇರಿಸಿ ಬರೆದಿಡಿ.